ಕಾಗದದ ವಿಮಾನವೋ, ಗಾಳಿಪಟವೋ? ಪುಟ್ಟ ಮಕ್ಕಳಿಗೆ ಹಾರಾಟ ಕಲಿಸಲು ಆಟ ಆರಿಸುವ ಬಗೆ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ತಂದೆ-ತಾಯಂದಿರು, ಅಂಗನವಾಡಿ ಟೀಚರುಗಳು ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. ಮಗು ಆಕಾಶದಲ್ಲಿ ಸದ್ದಾದರೆ ಸಾಕು, ಅಂಗಳಕ್ಕೆ ಓಡುತ್ತದೆ. ಹಾರಾಟದ ಬಗ್ಗೆ ಏನಾದರೂ ಮಾಡಿಸಬೇಕು ಅನಿಸುತ್ತದೆ. ಆದರೆ ಕಾಗದದ ವಿಮಾನ ಮಾಡಿಸಲೋ, ಗಾಳಿಪಟ ಕಟ್ಟಲೋ, ಅಂಗಡಿಯಿಂದ ಥರ್ಮಾಕೋಲ್ ಗ್ಲೈಡರ್ ತರಲೋ, ದುಡ್ಡು ಕೊಟ್ಟು ಕಿಟ್ ತರಿಸಲೋ ತಿಳಿಯದು. ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮನೆಯಲ್ಲಿ ಅಥವಾ ಶಾಲೆಯಲ್ಲಿ ಮಾಡಬಹುದಾದ ಆಟಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇನೆ.

ಯಾವುದು ಹೆಚ್ಚು ದೂರ ಹಾರುತ್ತದೆ ಎಂಬ ಪ್ರಶ್ನೆಯನ್ನು ಮೊದಲು ಬದಿಗಿಡೋಣ. ದೊಡ್ಡವರು ಸಾಮಾನ್ಯವಾಗಿ ಅದರಿಂದಲೇ ಶುರು ಮಾಡುತ್ತಾರೆ. ಮಗುವಿಗೆ ಬೇಕಾದದ್ದು ಬೇರೆ.

ತೂಗುವ ಮೊದಲು

ನಾನು ಮೊದಲು ನೋಡುವುದು, ಒಂದು ಸಲ ಬಿದ್ದ ಮೇಲೆ ಮತ್ತೆ ಹಾರಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು. ಐದು ವರ್ಷದ ಮಗು ಒಂದು ಆಟವನ್ನು ಬಿಡದೆ ಇಪ್ಪತ್ತು ಸಲ ಆಡಿದರೆ ಏನೋ ಗಮನಿಸುತ್ತದೆ. ಎರಡು ಹಾರಾಟದ ನಡುವೆ ಹತ್ತು ನಿಮಿಷ ದಾರದ ಗಂಟು ಬಿಡಿಸಬೇಕಾದರೆ ಗಮನ ಬೆಕ್ಕಿನ ಕಡೆಗೋ ಟಿ.ವಿ. ಕಡೆಗೋ ಹೋಗುತ್ತದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಮಗು ತಾನೇ ಏನನ್ನಾದರೂ ಬದಲಿಸಬಹುದೇ, ಬದಲಿಸಿದ್ದರ ಫಲ ಆ ಕ್ಷಣವೇ ಕಣ್ಣಿಗೆ ಕಾಣುತ್ತದೆಯೇ? ರೆಕ್ಕೆ ಸ್ವಲ್ಪ ಕತ್ತರಿಸಿದೆ, ಬೇಗ ಬಿತ್ತು. ಕ್ಲಿಪ್ ಸಿಕ್ಕಿಸಿದೆ, ನೇರವಾಗಿ ಹೋಯಿತು. ಇಷ್ಟು ನಡೆದರೆ ಮಗು ಹಾರಾಟ ಕಲಿಯುತ್ತಿದೆ ಎಂದೇ ಅರ್ಥ. ಗುಂಡಿ ಒತ್ತಿದರೆ ಏರುವ, ಬಿಟ್ಟರೆ ಇಳಿಯುವ ಬ್ಯಾಟರಿ ಹೆಲಿಕಾಪ್ಟರನ್ನು ಈ ಕಾರಣಕ್ಕೇ ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಅದು ಚೆನ್ನಾಗಿಯೇ ಹಾರುತ್ತದೆ, ಆದರೆ ಅದರಲ್ಲಿ ಮಗು ಬದಲಿಸುವುದಕ್ಕೆ ಏನೂ ಇಲ್ಲ.

ಇನ್ನುಳಿದದ್ದು ಅನುಕೂಲದ ಮಾತು. ಕೆಲಸ ಮಗುವಿನ ಕೈಯಲ್ಲಾಗುತ್ತದೆಯೋ ಅಪ್ಪ-ಅಮ್ಮನೇ ಕೂತು ಮಾಡಬೇಕೋ, ಬಾಡಿಗೆ ಮನೆಯ ಹಾಲ್ ಸಾಕೋ ಮೈದಾನ ಬೇಕೋ, ಖರ್ಚೆಷ್ಟು, ಅಪಾಯವೇನು.

ಗಾಳಿಯ ಬಗ್ಗೆ ಏನು ಹೇಳಬೇಕು

ಪುಟ್ಟ ಮಕ್ಕಳಿಗೆ ಗಾಳಿ ಎಂದರೆ ಬೀಸಿದಾಗ ಮಾತ್ರ ಇರುವ ವಸ್ತು. ಬೀಸದಿದ್ದಾಗಲೂ ಅದು ಅಲ್ಲೇ ಇದೆ, ಅದಕ್ಕೆ ತೂಕವಿದೆ, ಅದನ್ನು ತಳ್ಳಬಹುದು, ಅದು ತಿರುಗಿ ತಳ್ಳುತ್ತದೆ. ಎಂಟು ವರ್ಷದ ತನಕ ಇಷ್ಟು ತಿಳಿದರೆ ಧಾರಾಳವಾಯಿತು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಳಗಿನ ಗಾಳಿ ಸುಮಾರು 30 ಕಿಲೋ ತೂಗುತ್ತದೆ ಎಂದು ಹೇಳಿ ನೋಡಿ, ಏಳೆಂಟು ವರ್ಷದ ಮಕ್ಕಳು ಕೋಣೆಯನ್ನು ಮತ್ತೊಮ್ಮೆ ದಿಟ್ಟಿಸುತ್ತಾರೆ. ಸಣ್ಣವರಿಗೆ ದೊಡ್ಡ ರಟ್ಟಿನ ತುಂಡು ಕೊಟ್ಟು ಓಡಲು ಹೇಳಿ. ಒಮ್ಮೆ ರಟ್ಟಿನ ಮುಖ ಮುಂದೆ ಮಾಡಿಕೊಂಡು ಓಡಲಿ, ಇನ್ನೊಮ್ಮೆ ಅಂಚು ಮುಂದೆ ಮಾಡಿಕೊಂಡು ಓಡಲಿ. ವ್ಯತ್ಯಾಸ ತೋಳಿಗೇ ತಿಳಿಯುತ್ತದೆ.

ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಸಾಗಬೇಕು, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ಮುಟ್ಟಬೇಕಾದ್ದರಿಂದ ಅದು ವೇಗವಾಗಿ ಓಡುತ್ತದೆ, ಹಾಗಾಗಿ ವಿಮಾನ ಏರುತ್ತದೆ ಎಂಬ ವಿವರಣೆಯನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಕಲಿತಿದ್ದೇವೆ. ಅದನ್ನು ದಯವಿಟ್ಟು ಮಕ್ಕಳಿಗೆ ದಾಟಿಸಬೇಡಿ. ಮೇಲಿನ ಗಾಳಿ ವೇಗವಾಗಿ ಹೋಗುವುದು ನಿಜ, ಆದರೆ ಎರಡೂ ಒಟ್ಟಿಗೇ ತಲುಪಬೇಕೆಂಬ ನಿಯಮ ಇಲ್ಲ, ಅವು ಒಟ್ಟಿಗೆ ತಲುಪುವುದೂ ಇಲ್ಲ. ಕಾಗದದ ವಿಮಾನದ ರೆಕ್ಕೆಯಂತೂ ಪೂರ್ತಿ ಚಪ್ಪಟೆ, ಆದರೂ ಹಾರುತ್ತದೆ. 'ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ' ಎನ್ನಿ. ಮಾತು ಸರಳವೂ ಹೌದು, ಸರಿಯೂ ಹೌದು. ಮುಂದೆ ಹೈಸ್ಕೂಲಿನಲ್ಲಿ ಇದನ್ನು ಮರೆಯಬೇಕಾದ ಪ್ರಸಂಗ ಬರುವುದಿಲ್ಲ.

ಖರ್ಚಿಲ್ಲದ್ದು: ಬೀಜಗಳು

ಮೂರು-ನಾಲ್ಕು ವರ್ಷದ ಮಗುವಾದರೆ ಕತ್ತರಿ, ಅಂಟು ಏನೂ ಬೇಡ, ಮರದ ಕೆಳಗೆ ಕರೆದುಕೊಂಡು ಹೋಗಿ. ನಮ್ಮ ಊರುಗಳ ರಸ್ತೆ ಬದಿಯಲ್ಲಿ ನೆಟ್ಟಿರುವ ಮಹಾಗನಿಯ ಕಾಯಿ ಬಿರಿದಾಗ ಉದ್ದ ರೆಕ್ಕೆಯ ಕಂದು ಬೀಜಗಳು ಉದುರುತ್ತವೆ. ಒಂದನ್ನು ಎತ್ತರದಿಂದ ಬಿಟ್ಟರೆ ಗಿರಗಿರನೆ ತಿರುಗುತ್ತ ಇಳಿಯುತ್ತದೆ. ನೀರುಕಾಯಿ ಮರದ ಬೀಜಕ್ಕೆ ಸುತ್ತಲೂ ತೆಳ್ಳನೆಯ ಪಾರದರ್ಶಕ ರೆಕ್ಕೆ, ಅದು ತಿರುಗುವುದಕ್ಕಿಂತ ತೇಲುವುದೇ ಹೆಚ್ಚು. ಎಕ್ಕದ ಬೀಜ, ಮಕ್ಕಳ ಬಾಯಲ್ಲಿ ಅಜ್ಜನ ಗಡ್ಡ, ರೇಷ್ಮೆಯಂಥ ಕೂದಲು ಬಿಚ್ಚಿಕೊಂಡು ಉಸಿರು ತಾಗಿದರೂ ಮೇಲೇರುತ್ತದೆ. ಮೂರು ಬೀಜ, ಗಾಳಿಯ ಜೊತೆ ಬದುಕುವ ಮೂರು ಉಪಾಯ. ಎತ್ತರದ ಮೆಟ್ಟಿಲಿನಿಂದ ಮೂರನ್ನೂ ಒಟ್ಟಿಗೆ ಬಿಟ್ಟು ಯಾವುದು ಕೊನೆಗೆ ನೆಲ ಮುಟ್ಟುತ್ತದೆ ಎಂದು ಕೇಳಿ.

ಎಕ್ಕದ ಗಿಡದ ಹಾಲು ಕಣ್ಣಿಗೆ ಅಪಾಯ. ಒಣಗಿ ಬಿರಿದ ಕಾಯಿಯ ಬೀಜವನ್ನು ದೊಡ್ಡವರೇ ತಂದುಕೊಡಬೇಕು, ಗಿಡ ಮುರಿಯಲು ಮಗುವನ್ನು ಬಿಡಬಾರದು.

ಬೀಜದಾಟದಲ್ಲಿ ಬದಲಿಸಲು ಹೆಚ್ಚೇನೂ ಇಲ್ಲ, ರೆಕ್ಕೆ ಅರ್ಧ ಮುರಿದು ನೋಡಬಹುದು ಅಷ್ಟೆ. ಬೇಸಿಗೆಯ ಹೊರತು ಬೀಜ ಸಿಗುವುದೂ ಕಷ್ಟ. ಆದರೂ ಮೊದಲ ಪಾಠಕ್ಕೆ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಹಾರಾಟವೆಂದರೆ ಯಂತ್ರದ ಸಂಗತಿ ಎನ್ನುವ ಮೊದಲೇ ಮಗು ಅದನ್ನು ಮರದಲ್ಲಿ ನೋಡಿರುತ್ತದೆ.

ಕಾಗದದ ಹೆಲಿಕಾಪ್ಟರ್: ನಾಲ್ಕರಿಂದ ಏಳರವರೆಗೆ ನನ್ನ ಮೊದಲ ಆಯ್ಕೆ

ಸುಮಾರು 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಾಗದದ ಪಟ್ಟಿ. ಮೇಲಿನ ತುದಿಯಿಂದ ನಟ್ಟನಡುವೆ 9 ಸೆಂ.ಮೀ.ನಷ್ಟು ಉದ್ದ ಸೀಳಿ. ಸೀಳಿನ ಬುಡಕ್ಕಿಂತ ತುಸು ಕೆಳಗೆ ಎರಡೂ ಅಂಚಿನಿಂದ ಅಗಲದ ಮೂರನೇ ಒಂದು ಪಾಲು ಒಳಕ್ಕೆ ಕತ್ತರಿಸಿ, ಅದರ ಕೆಳಗಿನ ಎರಡು ಬದಿಯನ್ನೂ ಒಳಗೆ ಮಡಿಸಿದರೆ ಸಪೂರ ಕಾಲು ಆಯಿತು. ಕಾಲಿನ ತುದಿಗೆ ಒಂದು ಜೆಮ್ ಕ್ಲಿಪ್. ಮೇಲಿನ ಎರಡು ಎಸಳಿನಲ್ಲಿ ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆ ಕಡೆಗೆ ಮಡಿಸಿ, ಕೈ ಎತ್ತಿ ಬಿಟ್ಟುಬಿಡಿ. ಎಸೆಯಬೇಕಾಗಿಲ್ಲ. ಮಹಾಗನಿ ಬೀಜದ ಹಾಗೆಯೇ ತಿರುಗುತ್ತ ಇಳಿಯುತ್ತದೆ.

ಮೇಲೆ ಹೇಳಿದ ಎರಡು ಮುಖ್ಯ ಅಳತೆಗಳಲ್ಲೂ ಇದು ಗೆಲ್ಲುತ್ತದೆ. ಬಿದ್ದದ್ದನ್ನು ಎತ್ತಿ ಮತ್ತೆ ಬಿಡಲು ಐದು ಸೆಕೆಂಡು. ಬದಲಿಸಲು ಬೇಕಾದಷ್ಟಿದೆ. ಎಸಳುಗಳ ಮಡಿಕೆಯನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕೇ ಬದಲಾಗುತ್ತದೆ; ಮಕ್ಕಳು ಇದನ್ನು ತಾವಾಗಿ ಕಂಡುಕೊಂಡರೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಾರೆ, ಆದ್ದರಿಂದ ನೀವು ಮೊದಲೇ ಹೇಳಿಬಿಡಬೇಡಿ. ಇನ್ನೊಂದು ಕ್ಲಿಪ್ ಸೇರಿಸಿದರೆ ಬೇಗ ಬೀಳುತ್ತದೆ, ಹೆಚ್ಚು ರಭಸದಿಂದ ತಿರುಗುತ್ತದೆ. ಎಸಳನ್ನು ಗಿಡ್ಡ ಮಾಡಿದರೂ ಬೇಗ ಬೀಳುತ್ತದೆ. ಎರಡನ್ನೂ ಒಂದೇ ಕಡೆಗೆ ಮಡಿಸಿದರೆ ಆ ಸೊಗಸಾದ ತಿರುಗಾಟ ಉಳಿಯುವುದಿಲ್ಲ. ಎಸಳಿಗೆ ಬಣ್ಣ ಬಳಿದರೆ ತಿರುಗುವಾಗ ಬಣ್ಣಗಳು ಬೆರೆತು ಕಾಣುತ್ತವೆ, ಚಿತ್ರ ಬಿಡಿಸುವ ಮಕ್ಕಳಿಗೆ ಅದೇ ದೊಡ್ಡ ಖುಷಿ.

ನಾಲ್ಕು ವರ್ಷದ ಮಗುವಿಗೆ ಸೀಳುವುದು ಕಷ್ಟವಾಗಬಹುದು, ಗೆರೆ ಹಾಕಿಕೊಟ್ಟರೆ ಮೊಂಡು ತುದಿಯ ಕತ್ತರಿಯಲ್ಲಿ ಐದು ವರ್ಷದವರು ಮಾಡುತ್ತಾರೆ. ಕಾಗದ ವಕ್ರವಾಗಿ ಕತ್ತರಿಸಿದರೂ ತಿರುಗುತ್ತದೆ, ಈ ಕ್ಷಮಾಗುಣ ಕಾಗದದ ವಿಮಾನಕ್ಕಿಲ್ಲ. ಕೊರತೆ ಎಂದರೆ ಇದು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಎಂಜಿನ್ ನಿಂತ ನಿಜವಾದ ಹೆಲಿಕಾಪ್ಟರನ್ನು ಪೈಲಟ್ ಹೆಚ್ಚುಕಡಿಮೆ ಹೀಗೆಯೇ, ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಗಳನ್ನು ತಿರುಗಿಸುತ್ತಿರುವಂತೆ ನೋಡಿಕೊಂಡು ಇಳಿಸುತ್ತಾನೆ ಎಂದು ದೊಡ್ಡ ಮಕ್ಕಳಿಗೆ ಹೇಳಬಹುದು. ಮಂಗಳ ಗ್ರಹದಲ್ಲಿ 2021ರ ಏಪ್ರಿಲ್ 19ರಂದು ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯೂಯಿಟಿಯ ಕಥೆಯೂ ಇಲ್ಲಿ ಹೊಂದುತ್ತದೆ. ಅಲ್ಲಿನ ಗಾಳಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟೇ ದಟ್ಟ. ಅದಕ್ಕೇ ಸುಮಾರು 1.2 ಮೀಟರ್ ಉದ್ದದ ರೆಕ್ಕೆಗಳು ನಿಮಿಷಕ್ಕೆ 2,400 ಸುತ್ತಿನ ಆಸುಪಾಸು ತಿರುಗಬೇಕಾಯಿತು. ತಳ್ಳಲು ಗಾಳಿ ಕಡಿಮೆ ಇದ್ದರೆ ಹೆಚ್ಚು ಜೋರಾಗಿ ತಳ್ಳಬೇಕು ಎಂಬುದು ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಕಾಗದದ ವಿಮಾನ: ಎಲ್ಲರಿಗೂ ಗೊತ್ತಿರುವುದು, ಆದರೆ ಮೊದಲನೆಯದಾಗಬಾರದು

ಆರು ವರ್ಷಕ್ಕಿಂತ ಸಣ್ಣವರಿಗೆ ಕಾಗದದ ವಿಮಾನ ಕೈಹಿಡಿಯುವುದು ಕಡಿಮೆ. ಎರಡು ಅಂಚು ಕೂಡಿಸಿ ಉಗುರಿನಲ್ಲಿ ನೇರವಾಗಿ ಗೀರುವ ಹದ ಆ ಬೆರಳುಗಳಿಗೆ ಇನ್ನೂ ಬಂದಿರುವುದಿಲ್ಲ. ಒಂದು ರೆಕ್ಕೆ ದೊಡ್ಡದಾಗಿ, ಒಂದು ಸಣ್ಣದಾಗಿ, ವಿಮಾನ ಪಕ್ಕಕ್ಕೆ ವಾಲಿ ಸೋಫಾದ ಕೆಳಗೆ ಹೋಗುತ್ತದೆ. ಆಮೇಲೆ ಅಪ್ಪ ಮಡಿಸುತ್ತಾರೆ, ಮಗು ಎಸೆಯುತ್ತದೆ. ಆಟ ಚೆನ್ನಾಗಿಯೇ ಇರುತ್ತದೆ, ಆದರೆ ಮಾಡಿದವರು ಅಪ್ಪ.

ಆರು-ಏಳು ದಾಟಿದ ಮೇಲೆ ಚಿತ್ರವೇ ಬದಲಾಗುತ್ತದೆ. ಈ ಇಡೀ ಪಟ್ಟಿಯಲ್ಲಿ ಮಗುವಿನ ಕೈಗೆ ಇಷ್ಟೊಂದು ಹಿಡಿತ ಕೊಡುವ ಆಟ ಇನ್ನೊಂದಿಲ್ಲ. ಮೂತಿ ಕುಕ್ಕಿ ಬೀಳುತ್ತಿದೆಯೇ? ರೆಕ್ಕೆಯ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ. ಮೂತಿ ಎತ್ತಿ, ನಿಂತು, ಹಿಂದಕ್ಕೆ ಜಾರುತ್ತಿದೆಯೇ? ಆ ಅಂಚನ್ನು ಮತ್ತೆ ಸಪಾಟು ಮಾಡಿ, ಅಥವಾ ಮೂತಿಗೆ ಒಂದು ಕ್ಲಿಪ್ ಸಿಕ್ಕಿಸಿ. ತೂಗಾಡುತ್ತಿದ್ದರೆ ಎರಡೂ ರೆಕ್ಕೆ ಮುಂದಿನಿಂದ ನೋಡಿದಾಗ ಅಗಲವಾದ 'ವಿ' ಆಕಾರ ಕಾಣುವಷ್ಟು ಮೇಲೆ ಎತ್ತಿ. ಇವಿಷ್ಟನ್ನು ಒಂದೇ ಸಲಕ್ಕೆ ಹೇಳದೆ, ಒಂದು ಸಲಕ್ಕೆ ಒಂದನ್ನೇ ಬದಲಿಸಲು ಬಿಡಿ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ವಿಜ್ಞಾನದ ಈ ಶಿಸ್ತನ್ನು ಇಷ್ಟು ಸುಲಭವಾಗಿ ರೂಢಿಸುವ ಅವಕಾಶ ಇನ್ನೆಲ್ಲಿ ಸಿಗುತ್ತದೆ!

ಕಾಗದದ ಆಯ್ಕೆಯೂ ಮುಖ್ಯ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಾದಾ ಎ4 ಹಾಳೆ ಸರಿಯಾದ ಹದ. ದಿನಪತ್ರಿಕೆ ತೀರಾ ಮೆತ್ತಗೆ, ಹಳೆಯ ಕ್ಯಾಲೆಂಡರಿನ ಹಾಳೆ ಸಣ್ಣ ಬೆರಳಿಗೆ ಗಟ್ಟಿ. ಚೂಪು ಮೂತಿಯ, ಸಪೂರ ರೆಕ್ಕೆಯ ವಿಮಾನ ಬಾಣದಂತೆ ಹೋಗುತ್ತದೆ, ಅದಕ್ಕೆ ಉದ್ದನೆಯ ಜಾಗ ಬೇಕು. ಮೊಂಡು ಮೂತಿಯ, ಅಗಲ ರೆಕ್ಕೆಯದು ನಿಧಾನವಾಗಿ ತೇಲುತ್ತದೆ, ಹಾಲ್‌ನಲ್ಲಿ ಆಡಲು ಅದೇ ವಾಸಿ. ನಿಧಾನವಾಗಿ ಹಾರುವುದನ್ನು ನೋಡಿ ಕಲಿಯುವುದು ಸುಲಭ. ಹುಡುಗರು ಚೂಪು ಮೂತಿಯದನ್ನೇ ಕೇಳುತ್ತಾರೆ, ಎರಡನ್ನೂ ಮಾಡಿಸಿ. ಕಣ್ಣಿನ ಮಟ್ಟಕ್ಕೆ ಎಸೆಯಬಾರದು, ಎಲ್ಲರೂ ಒಂದೇ ಕಡೆಯಿಂದ ಎಸೆಯಬೇಕು ಎಂಬ ನಿಯಮ ಮೊದಲೇ ಇರಲಿ.

ಮೈದಾನವಿದ್ದರೆ 36.5 ಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆಯಿರಿ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿ ರೈಟ್ ಸಹೋದರರ ವಿಮಾನ ಮೊದಲ ಹಾರಾಟದಲ್ಲಿ 12 ಸೆಕೆಂಡು ಗಾಳಿಯಲ್ಲಿದ್ದು ಸಾಗಿದ್ದು ಅಷ್ಟೇ ದೂರ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಏರ್‌ಬಸ್ 320 ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೂ ಹೆಚ್ಚುಕಡಿಮೆ ಅಷ್ಟೇ. ಮಕ್ಕಳು ಆ ಗೆರೆಯ ತನಕ ಓಡಿ, ಹನ್ನೆರಡು ಎಣಿಸಿ, ತಮ್ಮ ವಿಮಾನ ಎಲ್ಲಿ ಬಿತ್ತು ಎಂದು ತಿರುಗಿ ನೋಡುತ್ತಾರೆ.

ಮಡಿಸಲು ಬಾರದ ಐದು ವರ್ಷದ ಮಗು ವಿಮಾನವೇ ಬೇಕೆಂದು ಹಟ ಹಿಡಿದರೆ ಬಳೆ ವಿಮಾನ ಮಾಡಿಸಿ. ಒಂದು ಕಾಗದದ ಸ್ಟ್ರಾ, 2.5 ಸೆಂ.ಮೀ. ಅಗಲದ ಎರಡು ಪಟ್ಟಿ, ಒಂದು 13 ಸೆಂ.ಮೀ. ಉದ್ದ, ಇನ್ನೊಂದು 25. ಎರಡನ್ನೂ ಬಳೆಯಂತೆ ಸುತ್ತಿ ಸ್ಟ್ರಾದ ಎರಡು ತುದಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಬೇಕು, ಎರಡು ಬಳೆಯೂ ಸ್ಟ್ರಾದ ಒಂದೇ ಬದಿಗಿರಬೇಕು. ಸಣ್ಣ ಬಳೆ ಮುಂದೆ ಮಾಡಿ ಮೆಲ್ಲಗೆ ತಳ್ಳಿದರೆ ಹಾಲ್ ದಾಟುತ್ತದೆ. ದೊಡ್ಡ ಬಳೆ ಮುಂದಾದರೆ ಏನಾಗುತ್ತದೆ ಎಂದು ಮಗುವೇ ನೋಡಲಿ. ಮಡಿಕೆ ಒಂದೂ ಇಲ್ಲ, ವಿಮಾನದ ಹಾಗೆ ಕಾಣುವುದೂ ಇಲ್ಲ, ಆದರೂ ಹಾರುತ್ತದೆ.

ಗಾಳಿಪಟ: ಊರು, ತಿಂಗಳು ನೋಡಿ ನಿರ್ಧರಿಸಿ

ನನಗೆ ತುಂಬ ಪ್ರೀತಿಯದು ಇದೇ. ಆದರೂ ಐದು ವರ್ಷದ ಮಗುವಿಗೆ ಮೊದಲ ಆಟವಾಗಿ ಇದನ್ನು ಹೇಳಲಾರೆ. ಪಟ ಕಟ್ಟುವುದು, ಸೂತ್ರ ಹಾಕುವುದು, ಏರಿಸುವುದು ಎಲ್ಲವೂ ದೊಡ್ಡವರ ಕೆಲಸ. ಸೂತ್ರದ ಗಂಟು ಒಂದು ಬೆರಳಿನಷ್ಟು ಮೇಲೆ ಕೆಳಗೆ ಆದರೂ ಪಟ ಏಳುವುದಿಲ್ಲ, ಅದನ್ನು ಸರಿಪಡಿಸುವ ತಾಳ್ಮೆ ಆ ವಯಸ್ಸಿಗೆ ಇರುವುದಿಲ್ಲ.

ಆದರೆ ಏರಿದ ಪಟದ ದಾರ ಮಗುವಿನ ಕೈಗೆ ಕೊಟ್ಟ ಕ್ಷಣ ಬೇರೆ ಯಾವ ಆಟದಲ್ಲೂ ಇಲ್ಲ. ಕಣ್ಣಿಗೆ ಕಾಣದ ಗಾಳಿ ತನ್ನನ್ನೇ ಎಳೆಯುತ್ತಿದೆ ಎಂದು ಅದಕ್ಕೆ ಅಂಗೈಯಲ್ಲಿ ತಿಳಿಯುತ್ತದೆ. ಪಟ ನಿಜವಾದ ರೆಕ್ಕೆ. ವಿಮಾನ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಪಟ ನಿಂತಲ್ಲೇ ನಿಂತು ಗಾಳಿಯನ್ನು ಬರಮಾಡಿಕೊಳ್ಳುತ್ತದೆ. ರೈಟ್ ಸಹೋದರರು 1899ರಲ್ಲಿ ರೆಕ್ಕೆ ತಿರುಚಿ ವಿಮಾನವನ್ನು ಹತೋಟಿಗೆ ತರುವ ತಮ್ಮ ಉಪಾಯವನ್ನು ಮೊದಲು ಪರೀಕ್ಷಿಸಿದ್ದೂ ಐದಡಿ ಅಗಲದ ಒಂದು ಗಾಳಿಪಟದಲ್ಲೇ.

ಬಯಲುಸೀಮೆಯವರಿಗೆ ಆಷಾಢದ ಗಾಳಿ ತಾನಾಗಿ ಬರುತ್ತದೆ, ದೊಡ್ಡಬಳ್ಳಾಪುರದಂಥ ಕಡೆ ಆ ತಿಂಗಳಲ್ಲಿ ಪಟದ ಸ್ಪರ್ಧೆಗಳೇ ನಡೆಯುತ್ತವೆ. ಕರಾವಳಿ, ಮಲೆನಾಡಿನಲ್ಲಿ ಅದೇ ಆಷಾಢ ಜಡಿಮಳೆಯ ಕಾಲ, ಕಾಗದದ ಪಟದ ಮಾತೇ ಇಲ್ಲ. ಮಳೆ ನಿಂತ ಮೇಲೆ ಸಂಜೆಯ ಕಡಲ ಗಾಳಿಗೆ ಮರಳ ಮೇಲೆ ಹಾರಿಸಬಹುದು. ಎಲೆಗಳು, ಸಣ್ಣ ರೆಂಬೆಗಳು ಬಿಡದೆ ಅಲುಗಾಡುತ್ತಿದ್ದರೆ ಗಾಳಿ ಸಾಕು. ಇಡೀ ಮರ ತೂಗುತ್ತಿದ್ದರೆ ಮಕ್ಕಳಿಗೆ ಹೆಚ್ಚಾಯಿತು.

ಮನೆಯಲ್ಲೇ ಕಟ್ಟುವುದಾದರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ: ದಿನಪತ್ರಿಕೆ, ತೆಂಗಿನ ಪೊರಕೆಯ ಎರಡು ಕಡ್ಡಿ, ಅಂಟಿಗೆ ಅನ್ನದ ಅಗುಳು, ಬಾಲಂಗೋಚಿಗೆ ಹಳೆ ಸೀರೆಯ ಸೀಳು. ಮಗು ಬದಲಿಸಬಲ್ಲದ್ದು ಬಾಲಂಗೋಚಿ. ಇಲ್ಲದಿದ್ದರೆ ಪಟ ಗೋತಾ ಹೊಡೆಯುತ್ತದೆ, ತುಂಬ ಉದ್ದವಾದರೆ ಭಾರಕ್ಕೆ ಏಳುವುದಿಲ್ಲ. ನಡುವಿನ ಅಳತೆ ಹುಡುಕುವ ಕೆಲಸವನ್ನು ಪೂರ್ತಿ ಮಗುವಿಗೇ ಒಪ್ಪಿಸಿ. ದಾರ ಹತ್ತಿಯದೇ ಇರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಹಕ್ಕಿಗಳ ರೆಕ್ಕೆ, ಬೈಕ್ ಸವಾರರ ಕುತ್ತಿಗೆ ಕೊಯ್ಯುವ ಆ ದಾರ ಮಕ್ಕಳ ಕೈಗೆ ಬರಲೇಬಾರದು. ಕರೆಂಟ್ ತಂತಿಯ ಹತ್ತಿರ, ತಾರಸಿಯ ಮೇಲೆ ಪಟ ಹಾರಿಸುವುದು ಬೇಡ. ಮೇಲೆ ನೋಡುತ್ತ ಹಿಂದಕ್ಕೆ ಹೆಜ್ಜೆಯಿಡುವ ಮಗುವಿಗೆ ಗೋಡೆಯ ಅಂಚು ಕಾಣುವುದಿಲ್ಲ.

ಸೇರಿಸಿಕೊಳ್ಳಬಹುದಾದ ಇನ್ನು ಕೆಲವು

ಗಿರಗಿಟ್ಲೆ ಹಾರುವುದಿಲ್ಲ, ಆದರೂ ಮೂರು ವರ್ಷದವರಿಗೆ ಗಾಳಿಯ ಪರಿಚಯ ಮಾಡಿಸಲು ಅದೇ ಸಾಕು. ತೆಂಗಿನ ಗರಿಯಲ್ಲಿ ಮಾಡಲು ಬಲ್ಲ ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಕಾಗದದ್ದು ಬೇಡವೇ ಬೇಡ. ಚಿತ್ರದುರ್ಗ, ಗದಗದ ಕಡೆ ಪ್ರಯಾಣ ಮಾಡುವವರು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ, ಕೈಯಲ್ಲಿರುವುದನ್ನೂ ತೋರಿಸಿ. ಗುಂಡುಸೂಜಿಯ ತುದಿಯನ್ನು ಮಾತ್ರ ದೊಡ್ಡವರು ಬಗ್ಗಿಸಿ ಮುಚ್ಚಬೇಕು.

ಪ್ಯಾರಾಚೂಟಿಗೆ ಕರವಸ್ತ್ರ, ಒಂದೇ ಅಳತೆಯ ನಾಲ್ಕು ದಾರ, ಭಾರಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಾಕು. ಪ್ಲಾಸ್ಟಿಕ್ ಕವರ್ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ ನಿಜ, ಆದರೆ ಸಣ್ಣ ಮಕ್ಕಳು ತಲೆಗೆ ಹಾಕಿಕೊಂಡರೆ ಉಸಿರುಗಟ್ಟುತ್ತದೆ, ಬಳಸಬೇಡಿ. ತೊಂದರೆಯೆಂದರೆ ಎರಡು ಸಲ ಎಸೆದ ಮೇಲೆ ದಾರ ಸಿಕ್ಕಾಗುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಇದನ್ನು ಮಾಡಿಸಿದರೆ ಟೀಚರಿನ ಇಡೀ ಹೊತ್ತು ಗಂಟು ಬಿಡಿಸುವುದಕ್ಕೇ ಸರಿ. ಮನೆಯಲ್ಲಿ ಒಂದಿಬ್ಬರು ಮಕ್ಕಳಿದ್ದರೆ ಒಳ್ಳೆಯದು.

ಸ್ಟ್ರಾ ರಾಕೆಟ್ಟನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಪೆನ್ಸಿಲಿಗೆ ಕಾಗದ ಸುತ್ತಿ ಕೊಳವೆ ಮಾಡಿ, ಒಂದು ತುದಿ ಮಡಿಸಿ ಮುಚ್ಚಿ, ಸ್ಟ್ರಾಗೆ ತೊಡಿಸಿ ಊದಿದರೆ ಹಾರುತ್ತದೆ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ನಿಷೇಧವಾಗಿರುವುದರಿಂದ ಕಾಗದದ್ದೇ ಸಿಗುತ್ತದೆ, ಅದು ಎಂಜಲಿಗೆ ಬೇಗ ಮೆತ್ತಗಾಗುತ್ತದೆ, ಒಬ್ಬೊಬ್ಬರಿಗೆ ಎರಡೆರಡು ಇಟ್ಟುಕೊಳ್ಳಿ. ಕೊಳವೆಯ ಉದ್ದ, ಬಾಲದ ರೆಕ್ಕೆ, ಊದುವ ಕೋನ ಎಲ್ಲವನ್ನೂ ಮಗು ಬದಲಿಸಬಹುದು. ಆದರೆ ಇದು ರೆಕ್ಕೆಯ ಪಾಠ ಅಲ್ಲ. ವಿಮಾನಕ್ಕೆ ಗಾಳಿ ಬೇಕು, ಶ್ರೀಹರಿಕೋಟಾದಿಂದ ಹೋಗುವ ರಾಕೆಟ್ ಗಾಳಿಯಿಲ್ಲದ ಕಡೆಗೂ ಹೋಗುತ್ತದೆ ಎಂಬ ವ್ಯತ್ಯಾಸವನ್ನು ಒಂದು ಮಾತಿನಲ್ಲಿ ಹೇಳಿಬಿಡಿ. ಕೋಣೆಗೆ ಅಡ್ಡಲಾಗಿ ಕಟ್ಟಿದ ದಾರದ ಮೇಲೆ ಬಲೂನು ಓಡಿಸುವುದೂ ಇದೇ ಜಾತಿಯದು. ಊದದ ಬಲೂನು, ಒಡೆದ ಚೂರು ಎರಡೂ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ತೀರಾ ಸಣ್ಣ ಮಕ್ಕಳಿರುವ ಮನೆಯಲ್ಲಿ ನಾನು ಬಲೂನು ತೆಗೆಯುವುದಿಲ್ಲ.

ದುಡ್ಡು ಕೊಟ್ಟು ತರುವುದಾದರೆ

ಆಟಿಕೆ ಅಂಗಡಿಯ ಥರ್ಮಾಕೋಲ್ ಗ್ಲೈಡರ್ ಚೆನ್ನಾಗಿ ತೇಲುತ್ತದೆ, ಹುಲ್ಲಿನ ಮೈದಾನವಿದ್ದರೆ ಒಂದು ಮಧ್ಯಾಹ್ನ ಕಳೆದದ್ದೇ ಗೊತ್ತಾಗುವುದಿಲ್ಲ. ಆದರೆ ಮೂತಿ ಮುರಿದರೆ ಮುಗಿಯಿತು, ಬದಲಿಸುವುದೂ ಹೆಚ್ಚಿಲ್ಲ. ಕಾಂಪೌಂಡಿನೊಳಗೆ ಸಿಮೆಂಟಿನ ನೆಲ ಇರುವವರು ತರದಿರುವುದು ಲೇಸು.

ರಬ್ಬರ್ ಬ್ಯಾಂಡ್ ತಿರುಚಿ ಬಿಡುವ ಪಂಖದ ವಿಮಾನಕ್ಕೆ ಸ್ವಲ್ಪ ಹೆಚ್ಚು ಹಣ ಬೇಕು, ಅದು ಖರ್ಚಿಗೆ ತಕ್ಕ ವಸ್ತು. ಈ ಪಟ್ಟಿಯಲ್ಲಿ ತನ್ನ ಬಲದಿಂದಲೇ ನಿಜವಾಗಿ ಏರುವುದು ಅದೊಂದೇ. ಎಷ್ಟು ಸುತ್ತು ತಿರುಚಿದೆ ಎಂದು ಎಣಿಸಿ, ಎಷ್ಟು ಹೊತ್ತು ಹಾರಿತು ಎಂದು ಅಳೆದು ಬರೆದಿಡಬಹುದು. ಎಂಟು ವರ್ಷಕ್ಕೆ ಮೊದಲು ಬೇಡ. ರಬ್ಬರ್ ಕಣ್ಣಿಗೆ ಹೊಡೆಯಬಹುದು, ಜೋಡಿಸುವ ಕೆಲಸವೂ ನಾಜೂಕಿನದು.

ಅದರ ಹಿಂದೆ ಒಂದು ನಿಜವಾದ ಕಥೆಯೂ ಇದೆ. ಫ್ರಾನ್ಸಿನ ಅಲ್ಫೋನ್ಸ್ ಪೆನೋ 1870ರ ಸುಮಾರಿಗೆ ರಬ್ಬರ್ ತಿರುಚಿ ಹಾರಿಸುವ ಹೆಲಿಕಾಪ್ಟರ್ ಆಟಿಕೆ ಮಾಡಿದ. ಅಂಥದ್ದೊಂದನ್ನು 1878ರಲ್ಲಿ ರೈಟ್ ಸಹೋದರರ ತಂದೆ ಮಿಲ್ಟನ್ ರೈಟ್ ತಮ್ಮ ಮಕ್ಕಳಿಗೆ ತಂದುಕೊಟ್ಟರು. ಬಿದಿರು, ಬೆಂಡು, ಕಾಗದದ ಆಟಿಕೆ. ವಿಲ್ಬರ್‌ಗೆ ಹನ್ನೊಂದು, ಆರ್ವಿಲ್‌ಗೆ ಏಳು. ಅದು ಮುರಿದ ಮೇಲೆ ಹುಡುಗರು ತಾವೇ ಹೊಸದು ಮಾಡಿದರು, ಆಮೇಲೆ ಇನ್ನೂ ದೊಡ್ಡದು ಮಾಡಿದರು. ದೊಡ್ಡದಾದಷ್ಟೂ ಅದು ಸರಿಯಾಗಿ ಹಾರದೆ ಹೋಯಿತು, ಏಕೆಂದು ಆಗ ಅವರಿಗೆ ತಿಳಿಯಲಿಲ್ಲ. ಆಟಿಕೆ ತಂದುಕೊಟ್ಟಾಗ ಮಗು ಅದನ್ನು ಬಿಚ್ಚಿದರೆ, ನಕಲು ಮಾಡಲು ಹೊರಟರೆ ಗದರಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ.

ಚಂದದ ಪೆಟ್ಟಿಗೆಯಲ್ಲಿ ಬರುವ ದುಬಾರಿ ಕಿಟ್‌ಗಳ ಬಗ್ಗೆ ನನ್ನ ಮಾತು ಚಿಕ್ಕದು. ಒಳಗಿರುವುದು ಹೆಚ್ಚಾಗಿ ಕಾಗದ, ಕಡ್ಡಿ, ರಬ್ಬರ್ ಬ್ಯಾಂಡು. ಸಮಯವೇ ಇಲ್ಲದವರಿಗೆ, ಉಡುಗೊರೆ ಕೊಡುವವರಿಗೆ ಅನುಕೂಲ. 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡುವುದನ್ನು ದಶಕಗಳಿಂದ ದೇಶದ ಮಕ್ಕಳಿಗೆ ತೋರಿಸಿಕೊಂಡು ಬಂದಿದ್ದಾರೆ. ಅವರ ಆಟಿಕೆಗಳನ್ನು ಒಮ್ಮೆ ನೋಡಿದವರಿಗೆ ಕಿಟ್ ಕೊಳ್ಳುವ ಆತುರ ಇಳಿಯುತ್ತದೆ.

ನಿಮ್ಮ ಮನೆಗೆ ಯಾವುದು

ಮೂರು-ನಾಲ್ಕು ವರ್ಷದ ಒಂದೇ ಮಗು, ಅಪಾರ್ಟ್‌ಮೆಂಟ್ ಮನೆ ಎಂದಾದರೆ ಬೀಜ ಮತ್ತು ಗಿರಗಿಟ್ಲೆ, ಆಮೇಲೆ ನೀವು ಕತ್ತರಿಸಿಕೊಟ್ಟ ಕಾಗದದ ಹೆಲಿಕಾಪ್ಟರ್. ಮೆಟ್ಟಿಲಿನ ಮೇಲೆ ನೀವು ನಿಂತು ಬಿಡಿ, ಮಗು ಕೆಳಗೆ ಹಿಡಿಯಲಿ. ಐದಾರು ವರ್ಷಕ್ಕೆ ಹೆಲಿಕಾಪ್ಟರನ್ನು ಪೂರ್ತಿ ಅದರ ಕೈಗೇ ಕೊಟ್ಟು, ಬಳೆ ವಿಮಾನ ಸೇರಿಸಿ. ಏಳು-ಎಂಟಕ್ಕೆ ಕಾಗದದ ವಿಮಾನದ ಮೇಲೆ ವಾರಗಟ್ಟಲೆ ಕಳೆಯಬಹುದು, ಬೇರೆ ಏನೂ ಬೇಡ. ಕೈಯಲ್ಲಿ ಸ್ವಲ್ಪ ಹಣ, ಹತ್ತಿರದಲ್ಲಿ ಮೈದಾನ ಇದ್ದರೆ ಎಂಟನೇ ಹುಟ್ಟುಹಬ್ಬಕ್ಕೆ ರಬ್ಬರ್ ಬ್ಯಾಂಡಿನ ವಿಮಾನ. ಹಳ್ಳಿಯಲ್ಲಿ, ಬಯಲಿನಲ್ಲಿ ಇರುವವರು ಗಾಳಿಪಟದ ಆಟ ತಪ್ಪಿಸಿಕೊಳ್ಳಬಾರದು, ಆದರೆ ಕಟ್ಟುವ ಹಿರಿಯರೊಬ್ಬರು ಜೊತೆಗಿರಬೇಕು.

ಅಂಗನವಾಡಿ, ಒಂದನೇ ತರಗತಿಯ ಟೀಚರುಗಳಿಗೆ ನನ್ನ ಸಲಹೆ ಒಂದೇ: ಕಾಗದದ ಹೆಲಿಕಾಪ್ಟರ್. ಒಂದು ಎ4 ಹಾಳೆಯಲ್ಲಿ ಐದು ಆಗುತ್ತವೆ, ಮೂವತ್ತು ಮಕ್ಕಳಿಗೆ ಆರೇ ಹಾಳೆ. ಗೆರೆ ಹಾಕಿ ಇಟ್ಟುಕೊಳ್ಳಿ, ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಅಕ್ಷರ ಬರೆದುಕೊಳ್ಳಲಿ, ಇಲ್ಲದಿದ್ದರೆ ಎಲ್ಲ ಕೆಳಗೆ ಬಿದ್ದ ಮೇಲೆ ಯಾರದು ಯಾವುದೆಂದು ಜಗಳವಾಗುತ್ತದೆ.

ಇಬ್ಬರು ಮಕ್ಕಳಿದ್ದು ವಯಸ್ಸಿನ ಅಂತರ ಹೆಚ್ಚಿದ್ದರೆ ಇಬ್ಬರಿಗೂ ಒಂದೇ ಆಟ ಕೊಡಬೇಡಿ. ಎಂಟು ವರ್ಷದ ಅಕ್ಕನ ವಿಮಾನದ ಮುಂದೆ ನಾಲ್ಕು ವರ್ಷದ ತಮ್ಮನದು ಪ್ರತಿ ಸಲವೂ ಸೋಲುತ್ತದೆ. ಅಕ್ಕ ದೂರ ಅಳೆಯಲಿ, ತಮ್ಮ ಹೆಲಿಕಾಪ್ಟರಿನ ಸುತ್ತು ನೋಡಲಿ.

ಬೆಂಗಳೂರಿಗೆ ಬರುವವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಮಾದರಿಯನ್ನೂ, ಎಚ್‌ಎಎಲ್‌ನ ವೈಮಾನಿಕ ಸಂಗ್ರಹಾಲಯದಲ್ಲಿ ನಿಜವಾದ ವಿಮಾನಗಳನ್ನೂ ತೋರಿಸಬಹುದು. ಅದನ್ನು ಮನೆಯ ಆಟಗಳ ನಂತರ ಇಟ್ಟುಕೊಳ್ಳಿ. ಕಾಗದದ ರೆಕ್ಕೆಯ ಅಂಚು ಬಗ್ಗಿಸಿ ಅಭ್ಯಾಸವಾದ ಮಗು ದೊಡ್ಡ ವಿಮಾನದ ರೆಕ್ಕೆಯ ಹಿಂದೆ ಅಲುಗಾಡುವ ಪಟ್ಟಿಗಳನ್ನು ತಾನೇ ಗುರುತಿಸಿ, ಅವು ಏನು ಮಾಡುತ್ತವೆ ಎಂದು ನಿಮಗೇ ಹೇಳುತ್ತದೆ.